ಮಿಡತೆ ಗಾಡಿಯ ಮುಚ್ಚಳ

ಇದು ನಡೆದ ಸಂಗತಿ. ಇದರಲ್ಲಿ ಬೆರಕೆ ಇಲ್ಲ. ಬೆರಕೆ ಇದ್ದರೆ ಪೆಟ್ರೋಲಿನಲ್ಲಿ ಇರಬೇಕು, ಅದನ್ನು ಹುಲುಗಣ್ಣ ಬಾಯಲ್ಲಿಟ್ಟುಕೊಂಡು ನೋಡುತ್ತಿದ್ದ.

ಟ್ಯಾಂಕಿನ ನಲ್ಲಿಯಿಂದ ಇಳಿದ ರಬ್ಬರ್ ಪೈಪಿನ ತುದಿ ಅವನ ತುಟಿಗಳ ನಡುವೆ ಇತ್ತು. ಕೆನ್ನೆಗಳು ಒಳಕ್ಕೆ ಗುಳಿ ಬಿದ್ದವು. ಪೆಟ್ರೋಲು ಬಂತು. ಮದುವೆ ಮನೆಯಲ್ಲಿ ಸಾರಿನ ರುಚಿ ನೋಡುವ ಅಡುಗೆಯವನ ಹಾಗೆ ಕಣ್ಣು ಮುಚ್ಚಿ ಅದನ್ನು ನಾಲಿಗೆಯ ಮೇಲೆ ಹೊರಳಾಡಿಸಿದ, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಆಮೇಲೆ ಬೇವಿನ ಮರದ ಬುಡಕ್ಕೆ ಪಿಚಕ್ಕೆಂದು ಉಗುಳಿದ. ಗಡ್ಡದ ಮೇಲೆ ಉಳಿದ ಹನಿಯನ್ನು ಮುಂಗೈಯಿಂದ ಒರೆಸಿಕೊಂಡ, ಆ ಕೈಯನ್ನು ಪ್ಯಾಂಟಿಗೆ ಒರೆಸಿದ, ಅದೇ ಕೈಯಿಂದ ಕಿವಿಯ ಮೇಲಿದ್ದ ಬೀಡಿ ತೆಗೆದು, ಏನೋ ನೆನಪಾದವನಂತೆ ಮತ್ತೆ ಕಿವಿಗೇ ಸಿಕ್ಕಿಸಿದ.

“ಸೀಮಿಎಣ್ಣಿ ಇಲ್ರಿ ಸ್ವಾಮೇರಾ. ಚೊಕ್ಕ ಐತಿ ಮಾಲು.”

ಕೊಟ್ರಸ್ವಾಮಿ ಮೂರು ಮಾರು ದೂರದಲ್ಲಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದ. 

“ಬಾಯಿ ಹಚ್ಚದಂಗ ಈ ಕೆಲಸ ಆಗಂಗಿಲ್ಲೇನಪ?”

“ನಮ್ಮ ಕಸುಬಿನ್ಯಾಗ ಬಾಯೇ ಪಾನಾ, ಬಾಯೇ ಪಕ್ಕಡ್ರಿ.”

“ಇದು ಸರ್ಕಾರಿ ಗಾಡಿ. ಬಾಯಾಗ ಎಷ್ಟು ಕ್ರಿಮಿ ಇರ್ತಾವು ಗೊತ್ತೇನು? ಕಣ್ಣಿಗೆ ಕಾಣ್ದಿದ್ದೇ ಕ್ರಿಮಿ. ಇನ್ನೊಂದ್ಸಲ ಈ ಪೈಪಿಗೆ ಬಾಯಿ ಹಚ್ಚಬ್ಯಾಡ, ಹೇಳೀನಿ.”

“ನನ್ನ ಎಂಜಲದಿಂದ ಗಾಡಿಗೂ ಪೋಲಿಯೋ ಬರ್ತೈತೇನ್ರಿ?” ಅಂದ ಹುಲುಗಣ್ಣ. ಕೊಟ್ರಸ್ವಾಮಿ ನಗಲಿಲ್ಲ.

ಕೊಟ್ರಸ್ವಾಮಿ ಕಿರಿಯ ಆರೋಗ್ಯ ಸಹಾಯಕ. ಹರಪನಹಳ್ಳಿಯಲ್ಲಿ ಮನೆ, ಉಚ್ಚಂಗಿದುರ್ಗದ ಆಚೆಯ ಗುಡ್ಡಗಳಲ್ಲಿ ಕೆಲಸ. ಜಗತ್ತಿನಲ್ಲಿ ಅವನಿಗೆ ಅಸಹ್ಯವಾಗದ ವಸ್ತುಗಳನ್ನು ಒಂದು ಬಸ್ ಟಿಕೆಟಿನ ಹಿಂದೆ ಬರೆಯಬಹುದಿತ್ತು, ಆದರೆ ಬಸ್ ಟಿಕೆಟನ್ನು ಕಂಡಕ್ಟರ್ ಬೆರಳಿಗೆ ಎಂಜಲು ಹಚ್ಚಿ ಹರಿದಿರುತ್ತಾನೆ. ನಾಲ್ಕು ಲೋಟದೊಳಗೆ ನಾಲ್ಕು ಬೆರಳು ಅದ್ದಿ ನೀರು ತರುವ ಹೋಟೆಲಿನವನು, ಹಲ್ಲಿನಲ್ಲಿ ಕಚ್ಚಿ ಹೂವಿನ ದಾರ ಹರಿಯುವವಳು, ಸಂತೆಯಲ್ಲಿ ಸೌತೆಕಾಯಿ ಮುರಿದು ರುಚಿ ತೋರಿಸುವವನು, ಎಲ್ಲರೂ ಅವನ ಪಟ್ಟಿಯಲ್ಲಿದ್ದರು. ಇದಕ್ಕೆಲ್ಲ ಅವನು ಕ್ರಿಮಿ ಎಂದು ಹೆಸರಿಟ್ಟಿದ್ದ. ಅವನ ತಂದೆ ಇದನ್ನೇ ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಇಲಾಖೆಯ ತರಬೇತಿ ಆದ ಮೇಲೆ ಮಗ ಹೆಸರು ಬದಲಿಸಿದ; ದೂರ ನಿಲ್ಲುವ ಅಳತೆ ಮಾತ್ರ ತಂದೆಯದೇ ಉಳಿಯಿತು.

ಹುಲುಗಣ್ಣ ಎರಡು ಗ್ಲಾಸು ಟೀ ತಂದ. ಒಂದನ್ನು ಕೊಟ್ರಸ್ವಾಮಿಗೆ ಚಾಚಿದ. ಕೊಟ್ರಸ್ವಾಮಿ ಅದನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ, ಮೈಯಿಂದ ದೂರ ಹಿಡಿದ. “ಈಗ ಕುಡ್ದು ಬಂದೀನಪ” ಎನ್ನುತ್ತಾ ಮರದ ಆ ಬದಿಗೆ ಹೋದ, ಖಾಲಿ ಗ್ಲಾಸಿನೊಂದಿಗೆ ಬಂದ. ಮೂರು ತಿಂಗಳಿಂದ ಹೀಗೇ. ಆ ಬೇವಿಗೆ ಸಕ್ಕರೆ ಕಾಯಿಲೆ ಬರುವುದೊಂದು ಬಾಕಿ. ಹುಲುಗಣ್ಣ ಖಾಲಿ ಗ್ಲಾಸನ್ನು ತೆಗೆದುಕೊಂಡು, “ಚೊಲೋ ಇತ್ತೇನ್ರಿ?” ಅಂತ ಪ್ರತಿ ಸಲವೂ ಕೇಳುತ್ತಿದ್ದ. “ಭಾಳ ಚೊಲೋ ಇತ್ತು” ಅಂತ ಕೊಟ್ರಸ್ವಾಮಿ ಪ್ರತಿ ಸಲವೂ ಹೇಳುತ್ತಿದ್ದ. ಊರಿನಲ್ಲಿ ಅವನಿಗೆ ‘ಕೊಟ್ರೂ ಕುಡಿಯದ ಕೊಟ್ರಸ್ವಾಮಿ’ ಎಂದು ಹೆಸರು ಬಿದ್ದದ್ದು ಈ ಮರದ ಬುಡದಿಂದಲೇ ಇರಬೇಕು.

ಹುಲುಗಣ್ಣ ಒಮ್ಮೆ ಗಾಡಿಯ ಕೀಲಿ ಕೊಡಲು ಅವನ ಮನೆಗೆ ಹೋಗಿದ್ದ. ಬಿಸಿಲಲ್ಲಿ ನಡೆದು ಬಂದವನಿಗೆ ಕೊಟ್ರಸ್ವಾಮಿಯ ಹೆಂಡತಿ ಶಿವಬಸಮ್ಮ ನೀರು ಕೊಟ್ಟಳು. ಆ ಲೋಟ ಒಳಗಿನಿಂದ ಬರಲಿಲ್ಲ. ಹೊರಗೋಡೆಯ ಗೂಡಿನಲ್ಲಿ ಬೋರಲು ಹಾಕಿದ್ದು ಬಂತು. ಹುಲುಗಣ್ಣ ಕುಡಿದ, ತಾನೇ ತೊಳೆದ, ಮತ್ತೆ ಗೂಡಿನಲ್ಲಿ ಬೋರಲು ಹಾಕಿ ಬಂದ. 

ಈಗ ಗಾಡಿಯ ವಿಷಯ. ಪರದೇಶದ ದುಡ್ಡಿನ ಯಾವುದೋ ಯೋಜನೆಯಲ್ಲಿ ಗುಡ್ಡಗಾಡಿನ ಆರೋಗ್ಯ ಸಹಾಯಕರಿಗೆಂದು ಬಂದ ಸಣ್ಣ ಮೋಟರ್ ಸೈಕಲ್ಲು ಅದು. ಮಡ್‌ಗಾರ್ಡು ಚಕ್ರಕ್ಕಿಂತ ಒಂದು ಮೊಳ ಮೇಲೆ, ಟೈರಿನ ತುಂಬ ಗುಬಟುಗಳು, ಸೈಲೆನ್ಸರು ಸೊಂಟಕ್ಕೆ ಏರಿ ಕೂತದ್ದು. ಕಲ್ಲು, ಮರಳು, ಹಳ್ಳ ಏನಿದ್ದರೂ ಹಾರಿಕೊಂಡು ಹೋಗುವುದರಿಂದ ಹುಡುಗರು ಅದನ್ನು ಮಿಡತೆ ಗಾಡಿ ಅನ್ನುತ್ತಿದ್ದರು. ಮೂರು ತಿಂಗಳಿಂದ ಮಿಡತೆಗೆ ಒಂದು ವಿಚಿತ್ರ ರೋಗ. ಐದಾರು ಮೈಲಿ ಚೆನ್ನಾಗಿ ಓಡುವುದು, ಆಮೇಲೆ ಕೆಮ್ಮುವುದು, ಮುಕ್ಕರಿಯುವುದು, ಸಾಯುವುದು. ಕಾಲು ಗಂಟೆ ಬಿಟ್ಟರೆ ತಾನಾಗಿಯೇ ಎದ್ದು ಮತ್ತೆ ಐದಾರು ಮೈಲಿ. ಹುಲುಗಣ್ಣ ಕಾರ್ಬುರೇಟರ್ ಬಿಚ್ಚಿ ಊದಿದ್ದ, ನಲ್ಲಿಯ ಜಾಲರಿ ತೊಳೆದಿದ್ದ, ಪೈಪು ಬದಲಿಸಿದ್ದ. ಟ್ಯಾಂಕಿಗೆ ಧೂಳು ಹೋಗುತ್ತಿರಬಹುದೆಂದು, “ದಾರ್‍ಯಾಗ ಮುಚ್ಚಳ ತೆಗಿಯಾಕ ಹೋಗಬ್ಯಾಡ್ರಿ” ಎಂದು ಕಟ್ಟಪ್ಪಣೆ ಮಾಡಿದ್ದ. ಗ್ಯಾರೇಜಿಗೆ ಬಂದಾಗ ಅವನು ಮೊದಲು ಮುಚ್ಚಳ ತೆಗೆದು ಟ್ಯಾಂಕಿಗೆ ಮೂಗು ಹಾಕುವನು, ನಂತರ ಓಡಿಸಿ ನೋಡುವನು. ಆಗ ಮಿಡತೆ ಕೂಡ್ಲಿಗಿ ದಾರಿಯಲ್ಲಿ ಹತ್ತು ಮೈಲಿ ಹೋಗಿ ಹತ್ತು ಮೈಲಿ ಬರುವುದು, ಒಂದು ಕೆಮ್ಮೂ ಇಲ್ಲ.

ಗ್ಯಾರೇಜಿಗೆ ತರುವ ದಿನ ಕೊಟ್ರಸ್ವಾಮಿ ಗಾಡಿಯನ್ನು ಮೇಲಿಂದ ಕೆಳಗೆ ತೊಳೆದು ತರುತ್ತಿದ್ದ. ಪೂಜೆಯಾದ ಗಾಡಿಯನ್ನು ಆ ಕೈಗೆ ಕೊಡಲು ಅವನಿಗೆ ಮನಸ್ಸಾಗುತ್ತಿರಲಿಲ್ಲ. ಮನೆಗೆ ಒಯ್ದ ಮೇಲೆ ಸೋಪು ಹಾಕಿ ಇನ್ನೊಮ್ಮೆ ತೊಳೆದು, ಗಟ್ಟಿ ವಿಭೂತಿಯನ್ನು ಅಂಗೈಯಲ್ಲಿ ನೀರು ಹಾಕಿ ತೇದು, ಗಾಡಿಯ ಹಣೆ ಎಲ್ಲಿದೆಯೋ ತಿಳಿಯದೆ ಟ್ಯಾಂಕಿನ ಮುಚ್ಚಳಕ್ಕೇ ಮೂರು ಬೆರಳು ಎಳೆಯುತ್ತಿದ್ದ. ದಿನಾ ಬೆಳಿಗ್ಗೆ, ತನ್ನ ಹಣೆಗೆ ಎಳೆದುಕೊಂಡ ಮೇಲೆ.

ಇಷ್ಟು ದಿನ ಇದು ಬರೀ ಕಿರಿಕಿರಿಯಾಗಿತ್ತು. ಹಿಂದಿನ ಪೋಲಿಯೋ ಭಾನುವಾರ ಕೇಡಿಗೆ ಬಂತು. ಗುಡ್ಡದ ಹಿಂದಿನ ಕುರಿಹಟ್ಟಿಗೆ ಹೊರಟವನು ನಾಲ್ಕು ಕಡೆ ಸತ್ತು ನಾಲ್ಕು ಕಡೆ ಎದ್ದು ತಲುಪುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಕೂಸುಗಳನ್ನು ಎತ್ತಿಕೊಂಡು ಕಾದಿದ್ದ ಹೆಂಗಸರು ಬೈದು, ರಾತ್ರಿ ಕುರಿ ತಂಗುವ ಅಡವಿಗೆ ಹೋಗಿದ್ದರು. ಹದಿನಾಲ್ಕು ಮಕ್ಕಳಿಗೆ ಹನಿ ತಪ್ಪಿತು. ಮೇಲಿನವರು ಮೆಮೊ ಕೊಟ್ಟರು: ಇನ್ನೊಮ್ಮೆ ಆ ಹಟ್ಟಿ ಬಿಟ್ಟುಹೋದರೆ ಗಾಡಿ ವಾಪಸ್, ಇವನ ಮೇಲೆ ವಿಚಾರಣೆ. ಅದರ ಮೇಲೆ ಹಟ್ಟಿಯ ಹಿರಿಯಳು ಗಾಳೆಮ್ಮ ಸಂತೆಗೆ ಬಂದವರ ಕೈಯಲ್ಲಿ ಹೇಳಿಕಳಿಸಿದ್ದಳು. ಬರುವ ಭಾನುವಾರ ಸೂರ್ಯ ನೆತ್ತಿಗೆ ಬಂದ ಕೂಡಲೇ ಕುರಿ ಎಬ್ಬಿಸಿಕೊಂಡು ದೂರದ ಎರೆ ಹೊಲಗಳ ಕಡೆ ಹೊರಡುತ್ತೇವೆ, ಕೂಸುಗಳೂ ಜೊತೆಗೇ; ಆ ಸಾರ್‌ಗೆ ಬೇಕಿದ್ದರೆ ಅದರೊಳಗೆ ಬರಲಿ. ಹೋದರೆ ಮಳೆಗಾಲದವರೆಗೆ ಅವರು ಸಿಗುವವರಲ್ಲ.

“ಈ ಸಲ ನೀ ಸರಿಮಾಡ್ಲಿಲ್ಲ ಅಂದ್ರ ಗಾಡಿ ದಾವಣಗೆರಿಗೆ ಒಯ್ತೀನಿ ನೋಡು,” ಅಂದ ಕೊಟ್ರಸ್ವಾಮಿ. “ಹುಲುಗಣ್ಣ ಡೂಪ್ಲಿಕೇಟ್ ಸಾಮಾನು ಹಾಕ್ತಾನ ಅಂತ ಮಂದಿ ಆಡ್ಕೊಳ್ಳಾಕತ್ಯಾರ.”

“ಯಾವ ಮಂದೀರಿ? ಒಬ್ಬಾತನ್ನ ತೋರ್ಸ್ರಿ.”

ಕೊಟ್ರಸ್ವಾಮಿ ಬೇವಿನ ಮರದ ಕಡೆ ನೋಡಿದ. ಆಡಿಕೊಂಡ ಮಂದಿ ಅವನೊಬ್ಬನೇ.

ಹುಲುಗಣ್ಣ ಪಾನಾವನ್ನು ಡಬ್ಬಿಗೆ ಎಸೆದ. “ರೋಗ ದಾರ್‍ಯಾಗ, ನಾಡಿ ನೋಡೋದು ಇಲ್ಲಿ. ಹಿಂಗಾದ್ರ ಯಾವ ಡಾಕ್ಟ್ರಿಗೆ ತಿಳೀತೈತ್ರಿ? ಭಾನುವಾರ ನಾನೂ ಬರ್ತೀನಿ. ಅದು ಎಲ್ಲಿ ಸಾಯ್ತೈತಿ ಅಲ್ಲೇ ಹೆಣ ನೋಡ್ತೀನಿ.”

ಕೊಟ್ರಸ್ವಾಮಿಗೆ ಮೊದಲು ಕಣ್ಣಿಗೆ ಬಂದದ್ದು ಗಾಡಿಯ ಸೀಟು. ಅದು ಎಷ್ಟು ಗಿಡ್ಡ ಎಂಬುದು.

ಭಾನುವಾರ ಬೆಳಿಗ್ಗೆ ಉಚ್ಚಂಗಿದುರ್ಗದ ರಸ್ತೆಯಲ್ಲಿ ಹೋದವರಿಗೆ ಒಂದು ನೋಟ ಸಿಕ್ಕಿತು. ಮಿಡತೆಯ ಮೇಲೆ ಮುಂದೆ ಕೊಟ್ರಸ್ವಾಮಿ, ಹಿಂದೆ ಹುಲುಗಣ್ಣ, ನಡುವೆ ನೀಲಿ ಬಣ್ಣದ ಲಸಿಕೆ ಡಬ್ಬಿ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ ಎಂದು ಹುಲುಗಣ್ಣ ಹೇಳಿದ್ದ. “ಬ್ಯಾಡ, ನಡುವೆ ಇರ್ಲಿ, ಅಲ್ಲಾಡಬಾರ್ದು” ಎಂದು ಕೊಟ್ರಸ್ವಾಮಿ ಅದನ್ನು ಗೋಡೆಯಂತೆ ನಿಲ್ಲಿಸಿದ್ದ. ಒಳಗೆ ಮಂಜುಗಡ್ಡೆ, ಹೊರಗೆ ಹುಲುಗಣ್ಣ. ಎರಡರ ನಡುವೆ ಕೊಟ್ರಸ್ವಾಮಿಯ ಬೆನ್ನು ತಣ್ಣಗೆ ಬೆವರುತ್ತಿತ್ತು. ಬೀಡಿಯ ವಾಸನೆ, ಗ್ರೀಸಿನ ವಾಸನೆ, ನಿನ್ನೆಯ ಈರುಳ್ಳಿಯ ವಾಸನೆ ಡಬ್ಬಿಯ ಮೇಲಿಂದ ಹಾದು ಅವನ ಕುತ್ತಿಗೆಗೆ ಬರುತ್ತಿದ್ದವು. ಅವನು ಉಸಿರನ್ನು ಲೆಕ್ಕ ಹಾಕಿ ಎಳೆದುಕೊಂಡ.

ಹುಲುಗಣ್ಣ ಗಾಡಿಯನ್ನು ಹೀಗೆ ಅಲಂಕಾರದಲ್ಲಿ ನೋಡಿದ್ದು ಇದೇ ಮೊದಲು. “ಏನ್ರಿ ಸ್ವಾಮೇರಾ, ಮಿಡತಿಗೆ ವಿಭೂತಿ ಹಚ್ಚಿ ಲಿಂಗ ಕಟ್ಟೀರಿ?” ಎಂದ. ಕೊಟ್ರಸ್ವಾಮಿ ಗೇರು ಬದಲಿಸಿದ.

ಮೊದಲ ಸಾವು ಏಳನೇ ಮೈಲಿಯಲ್ಲಿ. ಹುಲುಗಣ್ಣ ಪ್ಲಗ್ಗು ಬಿಚ್ಚಿ ನೋಡಿದ. ಒಣಗಿ ಖಡಕ್ ರೊಟ್ಟಿಯಾಗಿತ್ತು. “ಬೆಂಕಿ ಐತಿ, ಎಣ್ಣಿ ಬರವಲ್ದು,” ಎಂದ. ಪ್ಲಗ್ಗು ಒರೆಸಿ ಹಾಕಿ ಒದೆಯುವಷ್ಟರಲ್ಲಿ ಕಾಲು ಗಂಟೆಯಾಗಿತ್ತು, ಮಿಡತೆ ಏನೂ ಆಗಿಲ್ಲವೆಂಬಂತೆ ಎದ್ದಿತು.

ಎರಡನೆಯ ಸಾವು ಹದಿಮೂರನೆಯದರಲ್ಲಿ.

“ಕಾರ್ಬುರೇಟರ್ ತಳದಾಗ ನೀರು ನಿಂತೈತೇನೋ ನೋಡ್ಬೇಕು. ಒಂದು ಪಾತ್ರಿ ಕೊಡ್ರಿ. ನೀರಿದ್ರ ಪೆಟ್ರೋಲಿನ ಕೆಳಗ ಮುತ್ತಿನಂಗ ಹೊಳ್ಳಾಡ್ತೈತಿ.”

“ಪಾತ್ರಿ ಎಲ್ಲೈತಿ?”

ಹುಲುಗಣ್ಣ ಕಣ್ಣಲ್ಲೇ ತೋರಿಸಿದ. ಕೊಟ್ರಸ್ವಾಮಿಯ ಹೆಗಲ ಚೀಲದಲ್ಲಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಅವನದೇ ಸ್ಟೀಲ್ ಲೋಟವಿತ್ತು. ಹದಿಮೂರು ವರ್ಷದ ನೌಕರಿಯಲ್ಲಿ ಅವನ ತುಟಿ ಬಿಟ್ಟು ಬೇರೇನೂ ತಾಗದ ಲೋಟ. ಅವನು ಬಿಸಿಲನ್ನು ನೋಡಿದ, ಗಡಿಯಾರ ನೋಡಿದ, ಲೋಟ ಕೊಟ್ಟ. ಕಾರ್ಬುರೇಟರಿನ ಕೆಳಗಿನ ಬಟ್ಟಲಿಂದ ಲೋಟಕ್ಕೆ ಬಿದ್ದದ್ದು ನಾಲ್ಕೇ ಹನಿ. ಮುತ್ತಿರಲಿಲ್ಲ, ಹೇಳಿಕೊಳ್ಳುವಷ್ಟು ಪೆಟ್ರೋಲೂ ಇರಲಿಲ್ಲ. ಲೋಟ ಮಾತ್ರ ನಾರಿತು. ಕೊಟ್ರಸ್ವಾಮಿ ಅದನ್ನು ಬಟ್ಟೆಯಲ್ಲಿ ಸುತ್ತಲಿಲ್ಲ; ಹ್ಯಾಂಡಲ್ಲಿಗೆ ಹುರಿಯಲ್ಲಿ ಕಟ್ಟಿ ನೇತುಹಾಕಿದ.

“ಟ್ಯಾಂಕಿನ್ಯಾಗ ತುಂಬ ಐತಿ, ತಳಕ್ಕ ಹನಿ ಇಲ್ಲ. ನಡುವೆ ಯಾರೋ ಕುಂತಾರ,” ಎಂದ ಹುಲುಗಣ್ಣ. ಅಷ್ಟರಲ್ಲಿ ಮಿಡತೆ ಮತ್ತೆ ಎದ್ದಿತು.

ಉಚ್ಚಂಗಿದುರ್ಗದ ಕೋಟೆಗುಡ್ಡ ಎಡಕ್ಕೆ ಸರಿದು ಹಿಂದಾಯಿತು. ಮುಂದೆ ದಾರಿ ಅಂತ ಇಲ್ಲ, ಕುರಿ ನಡೆದ ಗೆರೆ. ಒಂದು ದಿಬ್ಬ ಹತ್ತಿದರೆ ಎದುರಿನ ಇಳಿಜಾರಿನಾಚೆ, ಎರಡು ಮೈಲಿ ದೂರದಲ್ಲಿ, ಹಟ್ಟಿಯ ಹುಣಸೆಮರ ಕಂಡಿತು. ಅದರ ಸುತ್ತ ಬೂದು ಬಣ್ಣದ ಏನೋ ಅಲುಗುತ್ತಿತ್ತು. ಕುರಿ. ಆಗಲೇ ಎಬ್ಬಿಸಿ ಗುಂಪು ಮಾಡುತ್ತಿದ್ದರು. ಅದನ್ನು ನೋಡಿದ ಕೊಟ್ರಸ್ವಾಮಿ ಎಕ್ಸಲರೇಟರ್ ತಿರುವಿದ. ಮಿಡತೆ ಕೆಮ್ಮಿತು, ಮುಕ್ಕರಿಯಿತು, ಸತ್ತಿತು. ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು.

ನಡೆದರೆ ಮುಟ್ಟುವುದಿಲ್ಲ. ಕಾಲು ಗಂಟೆ ಕಾದರೂ ಮುಟ್ಟುವುದಿಲ್ಲ. ಕೊಟ್ರಸ್ವಾಮಿ ಡಬ್ಬಿಯನ್ನು ಎತ್ತಿಕೊಂಡು ಹತ್ತು ಹೆಜ್ಜೆ ಓಡಿದ, ನಿಂತ, ಜಾಲಿ ಗಿಡದ ನೆರಳಿನಲ್ಲಿ ಡಬ್ಬಿಯನ್ನಿಟ್ಟು ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತ. ಮುಖ ಮುಚ್ಚಿಕೊಂಡ. ಮೊದಲ ಸಲ ಅವನ ಕೈ ಕರವಸ್ತ್ರವಿಲ್ಲದೆ ಮುಖಕ್ಕೆ ಹೋಗಿತ್ತು.

ಹುಲುಗಣ್ಣ ಪೈಪಿನ ತುದಿಯನ್ನು ಕಾರ್ಬುರೇಟರಿನಿಂದ ಬಿಚ್ಚಿದ. ಒಂದು ಹನಿ ಬಿತ್ತು, ನಿಂತಿತು. ಟ್ಯಾಂಕನ್ನು ಬೆರಳಿನ ಗೆಣ್ಣಿನಿಂದ ತಟ್ಟಿದ, ತುಂಬಿದ ಸದ್ದು. ಕಿವಿಯನ್ನು ಮುಚ್ಚಳಕ್ಕೆ ಹತ್ತಿರ ತಂದು, ಮೆಲ್ಲಗೆ, ಕೂದಲೆಳೆಯಷ್ಟು ತಿರುವಿದ.

ಸುಸ್‌ಸ್‌ಸ್.

ಒಳಕ್ಕೆ ಗಾಳಿ ಎಳೆದುಕೊಳ್ಳುವ ಸದ್ದು. ಮುಳುಗಿ ಎದ್ದವನು ಉಸಿರು ತೆಗೆದುಕೊಂಡ ಹಾಗೆ. ಹುಲುಗಣ್ಣ ತಟ್ಟನೆ ಮುಚ್ಚಳವನ್ನು ಮತ್ತೆ ಬಿಗಿದ. ಮುಚ್ಚಳದ ಮೇಲಿನ ಮೂರು ಬಿಳಿಯ ಪಟ್ಟೆಗಳನ್ನು ನೋಡಿದ. ನಡುವಿನ ಪಟ್ಟೆಯ ಕೆಳಗೆ, ಸೂಜಿಯ ಕಣ್ಣಿನಷ್ಟು ಕಿರಿದಾದ ತೂತು ಇರಬೇಕಾದ ಜಾಗದಲ್ಲಿ ವಿಭೂತಿ ಗಾರೆಯಂತೆ ಕೂತಿತ್ತು. ಇಷ್ಟು ದಿನ ಅವನು ನೋಡಿದ್ದು ವಿಭೂತಿ ತೊಳೆದುಹೋಗಿ ತೂತು ತೆರೆದ ಗಾಡಿಯನ್ನು. ತನ್ನ ಗ್ಯಾರೇಜಿಗೆ ಬರುವಾಗ ಈ ಗಾಡಿ ಯಾಕೆ ಸ್ನಾನ ಮಾಡಿ ಬರುತ್ತಿತ್ತು ಎಂಬುದು ಅವನಿಗೆ ಆಗ ಹೊಳೆಯಿತು. ತೊಳೆದು ತಂದದ್ದು ಯಾರಿಗೋಸ್ಕರ ಎಂಬುದೂ.

ಅವನು ಎದ್ದು ನಿಂತು ದೂರದ ಕುರಿಗಳನ್ನು ಅಳತೆ ಮಾಡಿದ. ಐದು ನಿಮಿಷ ಖರ್ಚು ಮಾಡಬಹುದಿತ್ತು.

“ಸ್ವಾಮೇರಾ, ಸಿಕ್ತು ಬರ್ರಿ!”

ಕೊಟ್ರಸ್ವಾಮಿ ಓಡಿ ಬಂದ.

“ಪೈಪಿನ್ಯಾಗ ಏನೋ ಅಡ್ಡ ಕುಂತೈತಿ. ಒಂದು ಜಗ್ಗು ಜಗ್ಗಿದ್ರ ಬಂದ್ಬಿಡ್ತೈತಿ.”

“ಮತ್ತ ಜಗ್ಗು!”

“ನಾನಾ?” ಹುಲುಗಣ್ಣ ಎರಡೂ ಕೈಯಿಂದ ಕಿವಿ ಮುಟ್ಟಿಕೊಂಡ. “ಸರ್ಕಾರಿ ಗಾಡಿಗೆ ಬಾಯಿ ಹಚ್ಚಬ್ಯಾಡ ಅಂತ ನೀವಾ ಹೇಳೀರಿ. ಕಣ್ಣಿಗೆ ಕಾಣ್ದಿದ್ದೇ ಕ್ರಿಮಿ.”

“ಹುಲುಗಣ್ಣ, ಚ್ಯಾಷ್ಟಿ ಮಾಡೋ ಹೊತ್ತಲ್ಲಿದು. ಕುರಿ ಎಬ್ಬಿಸ್ಯಾರ ಅಲ್ಲಿ!”

“ಅದಕ್ಕಾ ಹೇಳಿದ್ದು, ಲಗೂನ ಜಗ್ರಿ.”

ಕೊಟ್ರಸ್ವಾಮಿ ಪೈಪನ್ನು ನೋಡಿದ. ಕಪ್ಪು ರಬ್ಬರು, ತುದಿಯಲ್ಲಿ ಹಲ್ಲಿನ ಗುರುತು. ಆ ಹಲ್ಲು ಯಾರವು ಎಂದು ಅವನಿಗೆ ಗೊತ್ತಿತ್ತು. ತಂಬಾಕಿನ ಕಲೆಯ ಸಮೇತ ಗೊತ್ತಿತ್ತು. ಚೀಲದಿಂದ ಸ್ಪಿರಿಟ್ಟಿನ ಹತ್ತಿ ತೆಗೆದು ತುದಿಯನ್ನು ಒರೆಸಿದ. ಇನ್ನೊಂದು ಹತ್ತಿಯಿಂದ ಒರೆಸಿದ. ಮೂರನೆಯದಕ್ಕೆ ಕೈ ಹಾಕಿದಾಗ ಹುಲುಗಣ್ಣ ನಿಟ್ಟುಸಿರು ಬಿಟ್ಟು, “ಅಲ್ಲಿ ಮುದುಕಿ ಗಂಟು ಕಟ್ಟಾಕತ್ತಾಳ ನೋಡ್ರಿ” ಎಂದ. ಎರಡು ಮೈಲಿ ದೂರದ ಮುದುಕಿಯ ಗಂಟು ಯಾರಿಗೂ ಕಾಣುವಂತಿರಲಿಲ್ಲ. ಕೊಟ್ರಸ್ವಾಮಿಗೆ ಕಂಡಿತು. ಅವನು ಕಣ್ಣು ಮುಚ್ಚಿ ಪೈಪನ್ನು ಬಾಯಿಗಿಟ್ಟುಕೊಂಡ.

ಎಳೆದ. ಏನೂ ಬರಲಿಲ್ಲ. ಬೆಳಿಗ್ಗೆ ತಿಂದ ಒಗ್ಗರಣೆ ಮಂಡಕ್ಕಿ ಗಂಟಲಿಗೆ ಏರತೊಡಗಿತು. ಅದನ್ನು ಹಿಂದಕ್ಕೆ ನುಂಗಿ ಮತ್ತೆ ಎಳೆದ. ಪೈಪು ಕೆನ್ನೆಯೊಳಗಿನ ಚರ್ಮವನ್ನೇ ಹೀರಿಕೊಂಡಿತು.

“ಜೋರಾಗಿ ಜಗ್ರಿ! ಕೂಸು ಮೊಲಿ ಕುಡದಂಗ!”

ಕೊಟ್ರಸ್ವಾಮಿ ಹೊಟ್ಟೆಯ ತಳದಿಂದ ಎಳೆದ. ಅದೇ ಗಳಿಗೆಗೆ ಹುಲುಗಣ್ಣ ಬೆನ್ನ ಹಿಂದಿನ ಕೈಯಿಂದ ಮುಚ್ಚಳ ತಿರುವಿದ.

ಪೆಟ್ರೋಲು ಹನಿಯಾಗಿ ಬರಲಿಲ್ಲ, ನೆರೆ ಬಂದಂತೆ ಬಂತು. ಬಾಯಿ ತುಂಬಿತು, ಮೂಗಿಗೆ ಏರಿತು, ಕಣ್ಣಿನಿಂದ ನೀರಾಗಿ ಇಳಿಯಿತು. ಕೊಟ್ರಸ್ವಾಮಿ ಉಗುಳಿದ, ಕೆಮ್ಮಿದ, ಮತ್ತೆ ಉಗುಳಿದ, ಮಂಡಿಯೂರಿ ಮಂಡಕ್ಕಿಯನ್ನು ಪೂರ್ತಿ ಜಾಲಿಗಿಡಕ್ಕೆ ಒಪ್ಪಿಸಿದ. ಒಸಡು, ನಾಲಿಗೆ, ಹಲ್ಲಿನ ಸಂದು, ಎಲ್ಲೆಲ್ಲಿ ಕ್ರಿಮಿ ಇರಬಹುದೆಂದು ಹದಿಮೂರು ವರ್ಷ ಚಾರ್ಟು ತೋರಿಸಿ ಪಾಠ ಮಾಡಿದ್ದನೋ ಅಲ್ಲೆಲ್ಲ ಬೆಂಕಿ ಹತ್ತಿತು. ಅಂಗಿಯ ತೋಳಿನಿಂದ ನಾಲಿಗೆಯನ್ನೇ ಒರೆಸಿಕೊಂಡ.

“ಏನ್ ಬಂತೋ... ಅಡ್ಡ ಕುಂತದ್ದು?” ಎಂದು ಉಸಿರಿನ ನಡುವೆ ಕೇಳಿದ.

ಹುಲುಗಣ್ಣ ಒಂದು ಜಾಲಿ ಮುಳ್ಳು ಮುರಿದು ಮುಚ್ಚಳದ ತೂತಿಗೆ ಚುಚ್ಚಿದ. ಅಕ್ಕಿಕಾಳಿನ ಅರ್ಧದಷ್ಟು ಬಿಳಿಯ ಬೆಣೆ ಹೊರಬಂತು. ಅದನ್ನು ಅಂಗೈ ಮೇಲಿಟ್ಟು ತೋರಿಸಿದ.

“ಇದಾ ನೋಡ್ರಿ. ಎಣ್ಣಿ ಡಬ್ಬಿಗೆ ಒಂದಾ ತೂತು ಹೊಡದ್ರ ಎಣ್ಣಿ ಬರ್ತೈತೇನ್ರಿ? ಇನ್ನೊಂದು ಹೊಡೀಬೇಕು, ಗಾಳಿ ಹೋಗಾಕ. ಇದರ ಗಾಳಿ ತೂತಿಗೆ ನೀವು ದಿನಾ ವಿಭೂತಿ ಮೆತ್ತೀರಿ. ಪಾಪ, ಮಿಡತಿ ಮೂಗು ಹಿಡಕಂಡು ಎಷ್ಟು ದೂರ ಓಡೀತು?”

ಕೊಟ್ರಸ್ವಾಮಿ ಬಿಳಿಯ ಕಾಳನ್ನು ನೋಡಿದ.  ಆಮೇಲೆ ಪೈಪನ್ನು ನೋಡಿದ.

“ಅಂದ್ರ... ಜಗ್ಗೋದು ಬೇಕಾಗಿದ್ದಿಲ್ಲ.”

“ಇಲ್ರಿ.”

“ಮತ್ಯಾಕಲೇ ಜಗ್ಗಿಸ್ದಿ?”

ಹುಲುಗಣ್ಣ ಪೈಪು ಸಿಕ್ಕಿಸಿದ, ಕಿಕ್ಕರ್ ಒದ್ದ. ಮಿಡತೆ ಒಂದೇ ಒದೆತಕ್ಕೆ ಎದ್ದಿತು. ಕೂಗಾಡುವ ಎಂಜಿನ್ನಿನ ಮೇಲೆ ಅವನೂ ಕೂಗಿದ: “ಟೀ ಚೊಲೋ ಇರ್ತಿತ್ತು ಅಂತಿದ್ರೆಲ್ಲ ಸ್ವಾಮೇರಾ, ಇದು ಹೆಂಗಿತ್ತು?”

ಕೊಟ್ರಸ್ವಾಮಿಯ ಬಾಯಿ ತೆರೆಯಿತು. ಬೈಗುಳ ಬರಲಿಲ್ಲ, ತೇಗು ಬಂತು, ಪೆಟ್ರೋಲಿನ ತೇಗು. ಅವನು ಡಬ್ಬಿ ತಂದ, ಹಿಂದಕ್ಕೆ ಸರಿದು ಕೂತ ಹುಲುಗಣ್ಣನ ತೊಡೆಯ ಮೇಲೆ ಇಟ್ಟ, ಮುಂದೆ ಗಾಡಿ ಹತ್ತಿದ.

ಹುಣಸೆಮರದ ಕೆಳಗೆ ಮೊದಲ ಕುರಿಗಳು ಹೊರಟಾಗಿತ್ತು. ಗಾಳೆಮ್ಮ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು, ತಲೆಯ ಮೇಲೆ ಗಂಟು ಹೊತ್ತು ನಿಂತಿದ್ದಳು. ಹಿಂದಿನ ಸಲ ಇದೇ ಕೂಸನ್ನು ಎತ್ತಿಕೊಂಡು ಸಂಜೆಯವರೆಗೆ ಕಾದು ಹೋದವಳು. ಧೂಳೆಬ್ಬಿಸಿಕೊಂಡು ಬಂದು ನಿಂತ ಗಾಡಿಯನ್ನೂ, ಅದರಿಂದ ಇಳಿದ ಕೆಂಗಣ್ಣಿನ ಮನುಷ್ಯನನ್ನೂ ನೋಡಿ, ಗಂಟು ಇಳಿಸಿದಳು.

“ಏ, ನಿಲ್ಸ್ರಲೇ ಕುರಿ! ಹನಿ ಸಾರ್ ಬಂದಾನ.”

ಕೊಟ್ರಸ್ವಾಮಿ ಸೋಪಿನಿಂದ ಕೈ ತೊಳೆದ. ಲಸಿಕೆ ಕೆಟ್ಟರೆ ಕಪ್ಪಾಗುವ, ಸೀಸೆಯ ಮೇಲಿನ ಚೌಕ ಇನ್ನೂ ಬಿಳಿಯಾಗಿಯೇ ಇತ್ತು. ಗಾಳೆಮ್ಮನ ಮೊಮ್ಮಗಳ ಗಲ್ಲ ಹಿಡಿದು, “ಆ ಮಾಡು ಕೂಸೇ” ಎಂದು ಬಗ್ಗಿದ. ಕೂಸು ಮುಖ ಕಿವುಚಿ ಅಜ್ಜಿಯ ಹೆಗಲೊಳಗೆ ಹುದುಗಿಕೊಂಡಿತು.

“ಯವ್ವಾ, ನಾತಾ!”

“ಸಾರ್, ಬಾಯಿ ಆ ಕಡಿ ಮಾಡ್ಕ್ಯಂಡು ಹನಿ ಬಿಡ್ರಿ,” ಅಂದಳು ಗಾಳೆಮ್ಮ, ಸೆರಗನ್ನು ಮೂಗಿಗೆ ಹಿಡಿದು. “ಯಾರನ ಬೀಡಿ ಹಚ್ಯಾರು, ನೀವು ಧಗ್ ಅಂತ ಹತ್ಕ್ಯಂಡೀರಿ. ಏನ್ ಕುಡದು ಬಂದೀರಿ?”

ಕೊಟ್ರಸ್ವಾಮಿ ಬಾಯಿ ಮುಚ್ಚಿದ. ಮುಖವನ್ನು ಬಲಕ್ಕೆ ತಿರುಗಿಸಿ, ಓರೆಗಣ್ಣಿಂದ ನೋಡುತ್ತ, ಎರಡು ಹನಿ ಬಿಟ್ಟ. ಮುಂದಿನ ಕೂಸು. ಮತ್ತೆ ಮುಖ ಬಲಕ್ಕೆ. ಹತ್ತಿರ ಬಂದ ತಾಯಂದಿರು ಸೆರಗು ಮೂಗಿಗೆ ತಂದುಕೊಂಡು, ಕೂಸನ್ನು ಮಾತ್ರ ಮುಂದೆ ಚಾಚಿ, ತಾವು ಎಷ್ಟು ಸಾಧ್ಯವೋ ಅಷ್ಟು ಹಿಂದೆ ನಿಲ್ಲುತ್ತಿದ್ದರು. ಅವರ ಮೈಯಲ್ಲಿ ಕುರಿಯ ವಾಸನೆ, ಹಿಕ್ಕೆಯ ವಾಸನೆ, ಹಸಿ ಉಣ್ಣೆಯ ವಾಸನೆ ಇದ್ದಿರಬೇಕು. ಕೊಟ್ರಸ್ವಾಮಿಯ ಮೂಗಿಗೆ ತನ್ನದು ಬಿಟ್ಟು ಬೇರೆ ಯಾವುದೂ ತಲುಪಲಿಲ್ಲ.

ಆ ಕಡೆ ಬಂಡೆಯ ಮೇಲೆ ಹುಲುಗಣ್ಣ ಕುರಿ ತಡೆದು ನಿಂತ ಗಂಡಸರಿಗೆ ಆಟ ತೋರಿಸುತ್ತಿದ್ದ. ಮೊದಲು ಮಿಡತೆಯ ಕೆಮ್ಮು, ಅದರ ಮುಕ್ಕರಿಕೆ, ಸಾವು. ಆಮೇಲೆ ಕರವಸ್ತ್ರ ಮೂಗಿಗೆ ಹಿಡಿದು, ಸಣ್ಣಗೆ ಕಂಠ ಬಿಗಿದು: “ಕೈ ತೊಳ್ಕಳ್ರಪಾ! ಕಣ್ಣಿಗೆ ಕಾಣ್ದಿದ್ದೇ ಕ್ರಿಮಿ!” ಧ್ವನಿ ಅಚ್ಚು ಕೊಟ್ರಸ್ವಾಮಿಯದೇ. ಕೊನೆಗೆ ಎರಡು ಕೆನ್ನೆ ಗುಳಿ ಬೀಳಿಸಿ ಪೈಪು ಎಳೆದದ್ದನ್ನೂ ತೋರಿಸಿದ. ಗಂಡಸರು ಬಂಡೆ ತಟ್ಟಿ ನಕ್ಕರು. ಕೊಟ್ರಸ್ವಾಮಿಗೆ ಎಲ್ಲವೂ ಕೇಳಿಸಿತು. ಅವನ ಕಿವಿ ಕೆಂಪಾಯಿತು, ಆದರೆ ಎಣಿಕೆ ತಪ್ಪಲಿಲ್ಲ. ಹನ್ನೆರಡು, ಹದಿಮೂರು. ಹದಿನಾಲ್ಕನೆಯ ಕೂಸು ನಿದ್ದೆಯಲ್ಲಿತ್ತು. ಅದೊಂದೇ ಅವನನ್ನು ನೋಡಿ ಮುಖ ಕಿವುಚಲಿಲ್ಲ. ಅದರ ಕಿರುಬೆರಳಿಗೆ ಮಸಿ ಹಚ್ಚಿ ಅವನು ನೆಲಕ್ಕೆ ಕುಸಿದು ಕೂತ.

“ನೀರು,” ಅಂದ.

ಚೀಲಕ್ಕೆ ಕೈ ಹಾಕಿದ, ಲೋಟ ಅಲ್ಲಿರಲಿಲ್ಲ. ಅದು ಹ್ಯಾಂಡಲ್ಲಿಗೆ ನೇತಾಡುತ್ತ ಬಿಸಿಲಲ್ಲಿ ನಾರುತ್ತಿತ್ತು. ಗಾಳೆಮ್ಮ ಕಟ್ಟಿದ ಗಂಟನ್ನು ಬಿಚ್ಚಿ ತನ್ನ ಲೋಟ ತೆಗೆದಳು. ಹಿತ್ತಾಳೆಯದು, ಅಂಚಿನಲ್ಲಿ ಸ್ವಲ್ಪ ನಗ್ಗಿತ್ತು. ಕೊಡದಿಂದ ನೀರು ಬಗ್ಗಿಸಿ ಕೊಟ್ಟಳು. ಕೊಟ್ರಸ್ವಾಮಿ ಅಭ್ಯಾಸದಂತೆ ಲೋಟವನ್ನು ಮೇಲೆತ್ತಿ, ಬಾಯಿಗೆ ತಾಗದಂತೆ ಸುರಿದುಕೊಳ್ಳಲು ಹೋದ. ನೀರು ಉರಿಯುವ ಗಂಟಲಿಗೆ ಬಡಿದು ಮೂಗಿಗೆ ಏರಿತು. ಕೆಮ್ಮಿ ಕೆಮ್ಮಿ ಅಂಗಿಯೆಲ್ಲ ಒದ್ದೆಯಾಯಿತು. ಲೋಟದಲ್ಲಿ ಅರ್ಧ ಉಳಿದಿತ್ತು. ಅವನು ಅದನ್ನು ಒಂದು ಗಳಿಗೆ ನೋಡಿದ. ಆಮೇಲೆ ನಗ್ಗಿದ ಅಂಚನ್ನು ತುಟಿಗಳ ನಡುವೆ ಕಚ್ಚಿ ಹಿಡಿದು ಕುಡಿದ. ಅವನು ತುಟಿ ತೆಗೆದಾಗ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆಯೊಂದು ಸುತ್ತುತ್ತಿತ್ತು. ಅದನ್ನೂ ಕುಡಿದ. “ಇನ್ನೊಂದು ಹಾಕವ್ವ,” ಅಂದ. ಇನ್ನೊಂದನ್ನೂ ಕಚ್ಚಿಯೇ ಕುಡಿದ.

ಖಾಲಿ ಲೋಟವನ್ನು ಗಾಳೆಮ್ಮನ ಕೈಗೆ ಕೊಟ್ಟ. ಅವಳು ಅದನ್ನು ಮೂಗಿನ ಹತ್ತಿರ ತಂದಳು.

“ಥೂ ಥೂ ಥೂ!”

ಅವಳು ಲೋಟವನ್ನು ಎರಡೇ ಬೆರಳಲ್ಲಿ ಹಿಡಿದು, ಮೈಯಿಂದ ತೋಳಿನಷ್ಟು ದೂರ ಚಾಚಿಕೊಂಡು, ಮುಖವನ್ನು ಆ ಕಡೆ ತಿರುಗಿಸಿ, ಆರಿದ ಒಲೆಯವರೆಗೆ ನಡೆದಳು. ಬೂದಿ ಹಾಕಿ ತಿಕ್ಕಿದಳು. ಮರಳು ಹಾಕಿ ತಿಕ್ಕಿದಳು. ತೊಳೆದು ಮೂಸಿದಳು, ಮೂಗು ಮುರಿದಳು, ಮತ್ತೆ ಬೂದಿ ಹಾಕಿದಳು. ಬಂಡೆಯ ಮೇಲಿನ ಆಟ ನಿಂತಿತ್ತು. ಹುಲುಗಣ್ಣ ಹಚ್ಚಿದ ಬೀಡಿಯನ್ನು ಸೇದುವುದು ಮರೆತು ನೋಡುತ್ತಿದ್ದ. ಕೊನೆಗೂ ಗಾಳೆಮ್ಮ ಆ ಲೋಟವನ್ನು ತನ್ನ ಪಾತ್ರೆಗಳ ಗಂಟಿಗೆ ಸೇರಿಸಲಿಲ್ಲ. ಎಲ್ಲಕ್ಕಿಂತ ದೂರದಲ್ಲಿ, ಒಂದು ಕಲ್ಲಿನ ಮೇಲೆ, ಒಂಟಿಯಾಗಿ ಬೋರಲು ಹಾಕಿದಳು.

ಮೊದಲು ಯಾರೋ ಹೆಂಗಸು ಕಿಸಕ್ಕೆಂದಳು. ಗಂಡಸರು ನಕ್ಕರು. ಹುಲುಗಣ್ಣ ತಲೆ ತಗ್ಗಿಸಿ ಹೆಗಲು ಕುಣಿಸತೊಡಗಿದ. ಆಮೇಲೆ ಅವರೆಲ್ಲರ ನಗುವಿನ ಮೇಲೆ, ಗುಡ್ಡಕ್ಕೆ ಬಡಿದು ವಾಪಸ್ ಬರುವಷ್ಟು ಜೋರಾಗಿ ಇನ್ನೊಂದು ನಗು ಕೇಳಿಸಿತು. ಕುರಿಗಳು ಬೆಚ್ಚಿ ಕತ್ತೆತ್ತಿದವು. ಕೊಟ್ರಸ್ವಾಮಿ ನೆಲದ ಮೇಲೆ ಕೂತು, ಒದ್ದೆ ಅಂಗಿಯಲ್ಲಿ, ಕಣ್ಣಿನಿಂದ ನೀರು ಸುರಿಸುತ್ತ ನಗುತ್ತಿದ್ದ. ಕಲ್ಲಿನ ಮೇಲೆ ಹಿತ್ತಾಳೆಯ ಲೋಟ ಬಿಸಿಲಿಗೆ ನಿಧಾನವಾಗಿ ಆರುತ್ತಿತ್ತು.